32 ಜಿಬಿಯ ಸುಳ್ಳು ಮತ್ತು ಒಂದು ಮಿಕ್ಸರಿನ ಮೌನ

ಮಿಕ್ಸರ್ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಕಾಯಿಚಟ್ನಿ. ಇವತ್ತು ನಾನು ಕೊರೆಯಹೊರಟಿರುವುದು ಇನ್ನೊಂದು ಜಾತಿಯ ಮಿಕ್ಸರ್ ಬಗ್ಗೆ. ಸಂಗೀತ ಕಚೇರಿಗೋ ನಾಟಕಕ್ಕೋ ಹೋದಾಗ ಸಭಾಂಗಣದ ಹಿಂದುಗಡೆ ಒಂದು ಮೇಜು, ಅದರ ಮೇಲೆ ನೂರೆಂಟು ಗುಂಡಿಗಳಿರುವ ಒಂದು ಹಲಗೆ, ಹಲಗೆಯ ಹಿಂದೆ ಒಬ್ಬ ಮನುಷ್ಯ ಇರುತ್ತಾನೆ ನೋಡಿ. ಮೈಕು ‘ಕುಂಯ್’ ಎಂದಾಗ ಮಾತ್ರ ಇಡೀ ಸಭೆ ಕತ್ತು ತಿರುಗಿಸಿ ನೋಡುತ್ತದಲ್ಲ, ಆ ಪ್ರಾಣಿ ನಾನು. ಎಲ್ಲ ಚೆನ್ನಾಗಿದ್ದರೆ ನಾನು ಇದ್ದೇನೆ ಅಂತಲೇ ಯಾರಿಗೂ ಗೊತ್ತಾಗುವುದಿಲ್ಲ. ನಮ್ಮ ಕಸುಬಿಗೆ ಸಿಗುವ ದೊಡ್ಡ ಬಿರುದು ಅಂದರೆ ಅದೇ.

ನಾನಿರುವುದು ಚಾಮರಾಜಪೇಟೆಯಲ್ಲಿ. ಈ ಕಸುಬಿಗೆ ಇದಕ್ಕಿಂತ ಒಳ್ಳೆಯ ಜಾಗವೂ ಇಲ್ಲ, ಇದಕ್ಕಿಂತ ಕಷ್ಟದ ಜಾಗವೂ ಇಲ್ಲ. 1939ರಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾಯರು ಶುರು ಮಾಡಿದ ಶ್ರೀ ರಾಮಸೇವಾ ಮಂಡಳಿಯ ರಾಮನವಮಿ ಕಚೇರಿಗಳು, ಕೋಟೆ ಹೈಸ್ಕೂಲು ಮೈದಾನ ಇಲ್ಲೇ. ಕೆ.ಆರ್. ರಸ್ತೆಗೆ ಹೋದರೆ 1905ರಷ್ಟು ಹಳೆಯದಾದ ಗಾಯನ ಸಮಾಜ. ಅತ್ತ ಬಸವನಗುಡಿ, ಇತ್ತ ಮಲ್ಲೇಶ್ವರ. ಈ ಮೂರು ಬಡಾವಣೆಗಳಲ್ಲಿ ಕಲ್ಲು ಹೊಡೆದರೆ ಅದು ಒಬ್ಬ ಸಂಗೀತ ವಿಮರ್ಶಕರ ಮೇಲೇ ಬೀಳುತ್ತದೆ. ಕಾಫಿಗೆ ಎದ್ದು ಹೋಗುವ ಒಬ್ಬರು ನನ್ನ ಕಿವಿಯ ಹತ್ತಿರ ಬಗ್ಗಿ “ಮೃದಂಗ ಜಾಸ್ತಿ ಆಯ್ತಪ್ಪ” ಅನ್ನುತ್ತಾರೆ. ಕಾಫಿ ಮುಗಿಸಿ ಬರುವ ಇನ್ನೊಬ್ಬರು “ಮೃದಂಗ ಕೇಳ್ತಾನೇ ಇಲ್ವಲ್ರೀ” ಅನ್ನುತ್ತಾರೆ. ನಾನು ಇಬ್ಬರಿಗೂ ತಲೆಯಾಡಿಸಿ, ಯಾವುದಕ್ಕೂ ಜೋಡಿಸದ ಒಂದು ಗುಂಡಿಯನ್ನು ಗಂಭೀರವಾಗಿ ತಿರುಗಿಸುತ್ತೇನೆ. ಇಬ್ಬರೂ ಸಮಾಧಾನವಾಗಿ ಹೋಗಿ ಕೂರುತ್ತಾರೆ :)

ಹಿಂದಿನ ಕಾಲದಲ್ಲಿ ಈ ರಗಳೆ ಇರಲಿಲ್ಲ. ಮೈಕು ಇಲ್ಲದ ದಿನಗಳಲ್ಲಿ ಹಿಂದಿನ ಸಾಲಿಗೆ ಪಿಟೀಲು ಕೇಳಬೇಕು ಅಂತ ಮೈಸೂರು ಟಿ. ಚೌಡಯ್ಯನವರು ನಾಲ್ಕು ತಂತಿಯ ಬದಲು ಏಳು ತಂತಿಯ ಪಿಟೀಲು ಮಾಡಿಕೊಂಡರು. ಅವರ ಹೆಸರಿನಲ್ಲಿ ಪಿಟೀಲಿನ ಆಕಾರದಲ್ಲೇ 1980ರಲ್ಲಿ ಎದ್ದ ಚೌಡಯ್ಯ ಸ್ಮಾರಕ ಭವನವನ್ನು ಮಲ್ಲೇಶ್ವರದ ಕಡೆ ಹೋದವರೆಲ್ಲ ನೋಡಿರುತ್ತೀರಿ. ಸದ್ದು ಸಾಲದೆ ಹೋದಾಗ ವಾದ್ಯವನ್ನೇ ಬದಲಿಸಿದ ಮನುಷ್ಯ! ಈಗ ನಾವು ವಾದ್ಯ ಬದಲಿಸುವುದಿಲ್ಲ, ಮಿಕ್ಸರಿನ ಒಳಗಿನ ತಂತ್ರಾಂಶ ಬದಲಿಸುತ್ತೇವೆ. ಈ ತಂತ್ರಾಂಶಕ್ಕೆ ಫರ್ಮ್‌ವೇರ್ ಅಂತ ಹೆಸರು. ಇವತ್ತಿನ ಕಥೆ ಅದರದ್ದೇ.

ಮೊದಲು ಚೂರು ಪೀಠಿಕೆ. ಹಳೆಯ ಅನಲಾಗ್ ಮಿಕ್ಸರಿನಲ್ಲಿ ಒಂದು ಗುಂಡಿ ಅಂದರೆ ಒಂದು ಕೆಲಸ. ತಿರುಗಿಸಿದರೆ ನಿಜವಾಗಿಯೂ ಒಳಗೆ ಏನೋ ತಿರುಗುತ್ತದೆ. ಡಿಜಿಟಲ್ ಮಿಕ್ಸರಿನಲ್ಲಿ ಗುಂಡಿ ಬರೀ ಅರ್ಜಿ ಹಾಕುತ್ತದೆ, ಕೆಲಸ ಮಾಡುವುದು ಒಳಗಿನ ಕಂಪ್ಯೂಟರು. ಮೈಕಿನ ದನಿ ಒಳಗೆ ಹೋದ ತಕ್ಷಣ ಅಂಕಿಗಳಾಗಿ, ಸೆಕೆಂಡಿಗೆ 48,000 ಬಾರಿ ಅಳೆಯಲ್ಪಟ್ಟು, ಕೂಡಿ ಕಳೆದು ಗುಣಿಸಿಕೊಂಡು, ಮತ್ತೆ ದನಿಯಾಗಿ ಹೊರಬರುತ್ತದೆ. ಯಮಹಾದವರು 1987ರಲ್ಲೇ ಡಿಎಂಪಿ7 ಅನ್ನುವ ಪುಟ್ಟ ಡಿಜಿಟಲ್ ಮಿಕ್ಸರ್ ತಂದಿದ್ದರು. 1995ರ 02ಆರ್ ಸ್ಟುಡಿಯೋಗಳಿಗೆ ಹೊಕ್ಕಿತು. 2005ರ ಎಂ7ಸಿಎಲ್ ದೊಡ್ಡ ದೊಡ್ಡ ಕಾರ್ಯಕ್ರಮಗಳಲ್ಲಿ ಕಾಣಿಸತೊಡಗಿತು. ಆದರೆ ನಮ್ಮಂಥ ಸಣ್ಣವರ ಕೈಗೆ ಈ ತಂತ್ರಜ್ಞಾನ ಎಟುಕಿದ್ದು 2012ರಲ್ಲಿ ಬೆಹ್ರಿಂಗರ್ ಎಕ್ಸ್32 ಬಂದ ಮೇಲೆ. ಅಲ್ಲಿಂದ ಮುಂದೆ ಮದುವೆ ಮನೆ, ಗಣೇಶೋತ್ಸವ, ನಾಟಕ ಎಲ್ಲ ಕಡೆಗೂ ಡಿಜಿಟಲ್ ಹಲಗೆಗಳು ಬಂದುಬಿಟ್ಟವು. ಹಲಗೆಯ ಜೊತೆಗೆ ಅದರ ಅಪ್‌ಡೇಟುಗಳೂ ಬಂದವು.

ಫರ್ಮ್‌ವೇರ್ ಕೂರುವುದು ಫ್ಲಾಶ್ ಮೆಮೊರಿಯಲ್ಲಿ. ಅದರ ಒಂದು ಗುಣ ಏನೆಂದರೆ ಹಳೆಯದರ ಮೇಲೇ ಹೊಸದನ್ನು ಬರೆಯಲು ಬರುವುದಿಲ್ಲ, ಮೊದಲು ಒಂದು ಇಡೀ ಭಾಗವನ್ನು ಅಳಿಸಿ ಆಮೇಲೆ ಬರೆಯಬೇಕು. ಅಂದರೆ ಅಪ್‌ಡೇಟ್ ನಡೆಯುವಾಗ ಕೆಲವು ಕ್ಷಣ ಹಳೆಯದೂ ಇಲ್ಲ, ಹೊಸದೂ ಇಲ್ಲ. ಹಳೇ ಮನೆ ಕೆಡವಿ ಹೊಸ ಮನೆಗೆ ಪಾಯ ತೋಡಿದ ಸ್ಥಿತಿ. ಆಗ ಕರೆಂಟು ಹೋದರೆ? ಅದಕ್ಕೇ ತಯಾರಕರು ‘ಬೂಟ್‌ಲೋಡರ್’ ಅಂತ ಒಂದು ಚಿಕ್ಕ ಪ್ರೋಗ್ರಾಮನ್ನು ಬೇರೆ ಕಡೆ ಇಟ್ಟಿರುತ್ತಾರೆ. ಮಾಮೂಲಿ ಅಪ್‌ಡೇಟಿನಲ್ಲಿ ಅದನ್ನು ಮುಟ್ಟುವುದಿಲ್ಲ. ಮನೆ ಬಿದ್ದರೂ ಹಿತ್ತಲಿನ ಕೋಣೆ ಉಳಿದುಕೊಂಡ ಹಾಗೆ. ಆ ಕೋಣೆ ಉಳಿದಿದ್ದರೆ ಮನೆ ಮತ್ತೆ ಕಟ್ಟಬಹುದು. ಅದೂ ಹೋದರೆ ಮಿಕ್ಸರು ಹೆಚ್ಚುಕಡಿಮೆ ಇಟ್ಟಿಗೆ. ಇಂಗ್ಲಿಷಿನವರೂ ಇಟ್ಟಿಗೆ ಅಂತಲೇ ಕರೆಯುತ್ತಾರೆ, ಬ್ರಿಕ್ ಅಂತ.

ಈಗ ವಿಷಯಕ್ಕೆ ಬರೋಣ.

2018ರ ಏಪ್ರಿಲ್. ರಾಮನವಮಿ ಮುಗಿದಿದ್ದರೂ ರಾಮನವಮಿಯ ಕಚೇರಿಗಳು ಮುಗಿದಿರಲಿಲ್ಲ (ನಮ್ಮೂರಿನಲ್ಲಿ ಅವು ಹಬ್ಬಕ್ಕಿಂತ ತುಂಬಾ ಉದ್ದ). ಮಲ್ಲೇಶ್ವರದಲ್ಲಿ ಧ್ವನಿವರ್ಧಕ ಬಾಡಿಗೆಗೆ ಕೊಡುವ ನನ್ನ ಗೆಳೆಯನೊಬ್ಬನಿದ್ದಾನೆ. ಸಣ್ಣ ಅಂಗಡಿ, ಅವನು ಮತ್ತು ಒಬ್ಬ ಹುಡುಗ, ಅಷ್ಟೇ. ಹಿಂದಿನ ವರ್ಷ ಸಾಲ ಮಾಡಿ ಒಂದು 32 ಚಾನೆಲ್ಲಿನ ಡಿಜಿಟಲ್ ಮಿಕ್ಸರ್ ಕೊಂಡಿದ್ದ. ಯಾವ ಕಂಪನಿ ಅಂತ ಕೇಳಬೇಡಿ, ಈ ಕಥೆಯಲ್ಲಿ ಅದರ ತಪ್ಪಿಲ್ಲ. ಅವತ್ತು ಸಂಜೆ 6 ಗಂಟೆಗೆ ಬಸವನಗುಡಿಯ ಒಂದು ಸಭಾಂಗಣದಲ್ಲಿ ಹಾಡುಗಾರಿಕೆ. ಹನ್ನೊಂದೂವರೆಗೆ ಗೆಳೆಯನ ಫೋನು. “ಬೇಗ ಬಾ. ಮಿಕ್ಸರ್ ಸತ್ತೋಗಿದೆ. ಈ ಹುಡುಗ ಕೊಂದಾಕ್ಬಿಟ್ಟ.”

ಹೋಗಿ ನೋಡಿದರೆ ಹುಡುಗ ಮೂಲೆಯಲ್ಲಿ ಕೇಬಲ್ ಸುತ್ತುತ್ತಿದ್ದ. ಸುತ್ತಿದ್ದನ್ನೇ ಬಿಚ್ಚಿ ಮತ್ತೆ ಸುತ್ತುತ್ತಿದ್ದ. ಗೆಳೆಯನ ಮುಖ ಕೆಂಪಗಾಗಿತ್ತು. ಮಿಕ್ಸರಿನ ಪರದೆ ಬೆಳಗುತ್ತಿತ್ತು, ಆದರೆ ಎಂಟು ಫೇಡರುಗಳ ಒಂದು ಸಾಲು ಮುಟ್ಟಿದರೂ ಮಿಸುಕುತ್ತಿರಲಿಲ್ಲ, ಯಾವ ಮೈಕಿನ ದನಿಯೂ ಹೊರಗೆ ಬರುತ್ತಿರಲಿಲ್ಲ.

ನಡೆದದ್ದಿಷ್ಟು. ಈ ಮಿಕ್ಸರುಗಳನ್ನು ಟ್ಯಾಬ್ಲೆಟ್ಟಿನಿಂದಲೂ ನಡೆಸಬಹುದು. ವೇದಿಕೆಯ ಮೇಲೆ ನಿಂತು ಕಲಾವಿದರ ಎದುರಿನ ಸ್ಪೀಕರು ಹೊಂದಿಸಲು ಅದು ಬಹಳ ಅನುಕೂಲ. ಹಿಂದಿನ ರಾತ್ರಿ ಟ್ಯಾಬ್ಲೆಟ್ಟಿನ ಆಪ್ ತನ್ನಷ್ಟಕ್ಕೆ ತಾನೇ ಅಪ್‌ಡೇಟ್ ಆಗಿತ್ತು. ಬೆಳಗ್ಗೆ ಅದು “ನಿಮ್ಮ ಮಿಕ್ಸರಿನ ಫರ್ಮ್‌ವೇರ್ ಹಳೆಯದು, ನಾನು ಮಾತಾಡುವುದಿಲ್ಲ” ಅಂತ ಮುನಿಸಿಕೊಂಡಿತು. ಹುಡುಗ ಮಾಲೀಕನಿಗೆ ಫೋನ್ ಮಾಡಿದ. ಮಾಲೀಕ ದಾರಿಯಲ್ಲಿದ್ದ. “ಹಾಗಾದ್ರೆ ಮಿಕ್ಸರೂ ಅಪ್‌ಡೇಟ್ ಮಾಡ್ಬಿಡು, ನನ್ನ ಬ್ಯಾಗಲ್ಲಿ ಪೆನ್‌ಡ್ರೈವ್ ಇದೆ” ಅಂದ. ಹುಡುಗ ಮಾಡಿದ. ಅರ್ಧಕ್ಕೆ ನಿಂತಿತು.

ಇಂಥ ಹೊತ್ತಿನಲ್ಲಿ ಮೊದಲು ಮಾಡಬೇಕಾದ ಕೆಲಸ ಮಿಕ್ಸರ್ ರಿಪೇರಿಯಲ್ಲ, ಸಂಜೆಯ ಕಚೇರಿಗೆ ಬದಲಿ ವ್ಯವಸ್ಥೆ. ಗೆಳೆಯನ ಅಂಗಡಿಯ ಅಟ್ಟದ ಮೇಲೆ 12 ಚಾನೆಲ್ಲಿನ ಹಳೆಯ ಅನಲಾಗ್ ಮಿಕ್ಸರ್ ಇರುವುದು ನನಗೆ ಗೊತ್ತಿತ್ತು. ಹುಡುಗನನ್ನು ಕರೆದು, ನ್ಯಾಷನಲ್ ಕಾಲೇಜು ಸ್ಟೇಷನ್ನಿನಿಂದ ಮೆಟ್ರೋ ಹತ್ತಿ ಸಂಪಿಗೆ ರಸ್ತೆಯಲ್ಲಿ ಇಳಿ, ಅದನ್ನು ಆಟೋದಲ್ಲಿ ತಗೊಂಡು ಬಾ ಅಂದೆ. ಮಿಕ್ಸರ್ ಬೇಕಿತ್ತು ಅನ್ನುವುದು ನಿಜ. ಅವನನ್ನು ಮಾಲೀಕನ ಕಣ್ಣಿನಿಂದ ಎರಡು ಗಂಟೆ ದೂರ ಇಡುವುದೂ ಬೇಕಿತ್ತು. ಬಾಗಿಲ ಹತ್ತಿರ ಹೋದವನಿಗೆ ಹಿಂದಿನಿಂದ “ನಾಳೆಯಿಂದ ಬರಬೇಡ” ಅನ್ನುವ ಮಾತು ಬಿತ್ತು. ಅವನು ತಿರುಗಿ ನೋಡದೆ ಹೋದ.

ಆಮೇಲೆ ಹಲಗೆಯ ಮುಂದೆ ಕೂತೆ. ಯಂತ್ರ ಕೆಟ್ಟಾಗ ಎಲ್ಲರಿಗೂ ಕೈ ತುರಿಸುತ್ತದೆ, ಇನ್ನೊಂದು ಸಲ ಅಪ್‌ಡೇಟ್ ಕೊಟ್ಟು ನೋಡೋಣ ಅನ್ನಿಸುತ್ತದೆ. ಗೆಳೆಯನೂ ಅದನ್ನೇ ಹೇಳುತ್ತಿದ್ದ. ಆದರೆ ಯಾಕೆ ನಿಂತಿತು ಅಂತ ಗೊತ್ತಿಲ್ಲದೆ ಅದೇ ಪೆನ್‌ಡ್ರೈವನ್ನು ಮತ್ತೆ ಚುಚ್ಚುವುದು, ಹೊಟ್ಟೆ ಕೆಡಿಸಿದ ಊಟವನ್ನೇ ಮತ್ತೆ ಬಡಿಸಿದ ಹಾಗೆ. ಮೊದಲು ಯಂತ್ರ ಏನು ಹೇಳುತ್ತಿದೆ ಅಂತ ಓದಬೇಕು.

ಸೆಟಪ್ ಪುಟದಲ್ಲಿ ಆವೃತ್ತಿಗಳ ಪಟ್ಟಿ ಇತ್ತು. ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಇದು. ಮಿಕ್ಸರ್ ಅಂದರೆ ಒಂದು ಕಂಪ್ಯೂಟರಲ್ಲ, ಒಂದು ಅವಿಭಕ್ತ ಕುಟುಂಬ. ಪರದೆ ನೋಡಿಕೊಳ್ಳುವವನು ಒಬ್ಬ, ದನಿಯ ಲೆಕ್ಕ ಮಾಡುವವನು ಇನ್ನೊಬ್ಬ, ಫೇಡರುಗಳ ಮೋಟಾರು ಓಡಿಸುವವನು ಮತ್ತೊಬ್ಬ. ಪ್ರತಿಯೊಬ್ಬನಿಗೂ ಅವನವನದೇ ಫರ್ಮ್‌ವೇರ್ ಇರಬಹುದು. ಇಲ್ಲಿ ಯಜಮಾನ ಹೊಸ ಆವೃತ್ತಿಗೆ ಬಂದಿದ್ದ, ಉಳಿದವರು ಹಳೆಯದರಲ್ಲೇ ಇದ್ದರು. ಯಜಮಾನ ಹೇಳುವ ಭಾಷೆ ತಮ್ಮಂದಿರಿಗೆ ಅರ್ಥವಾಗುತ್ತಿಲ್ಲ, ಮನೆಯಲ್ಲಿ ಮಾತುಕತೆ ಬಂದ್! ನನಗೆ ಸಮಾಧಾನವಾಯಿತು. ಯಂತ್ರ ಸತ್ತಿರಲಿಲ್ಲ, ಅರ್ಧ ಅಪ್‌ಡೇಟ್ ಆಗಿತ್ತು ಅಷ್ಟೆ.

ಯಾಕೆ ಅರ್ಧ? ಕರೆಂಟು ಹೋಗಿತ್ತೇ? ಇಲ್ಲ, ಯುಪಿಎಸ್ ಮೇಲಿತ್ತು. ಈ ಮಿಕ್ಸರಿಗೆ ಎರಡು ಫೈಲುಗಳು. ಎರಡೂ ಪೆನ್‌ಡ್ರೈವಿನ ಒಳಗೆ ನೇರವಾಗಿ ಇರಬೇಕು, ಯಾವುದೋ ಫೋಲ್ಡರಿನ ಒಳಗಲ್ಲ. ಸರಿಯಾಗಿಯೇ ಇದ್ದವು. ಎರಡು ಸಲ ಇಳಿಸಿಕೊಂಡರೆ ಬ್ರೌಸರು ಫೈಲಿನ ಹೆಸರಿನ ಹಿಂದೆ ಕಂಸದಲ್ಲಿ ಒಂದು ಅಂಕಿ ಸೇರಿಸುತ್ತದೆ, ಆಗ ಮಿಕ್ಸರಿಗೆ ಹೆಸರು ಗುರುತು ಸಿಗುವುದಿಲ್ಲ. ಇಲ್ಲಿ ಹಾಗೂ ಆಗಿರಲಿಲ್ಲ. ಪೆನ್‌ಡ್ರೈವ್ ಫ್ಯಾಟ್32 ಮಾದರಿಯಲ್ಲೇ ಇತ್ತು. ಫೈಲಿನ ಗಾತ್ರ ಲ್ಯಾಪ್‌ಟಾಪಿನಲ್ಲಿ ಇದ್ದಷ್ಟೇ ಇತ್ತು, ಒಂದು ಬೈಟೂ ಹೆಚ್ಚಿಲ್ಲ ಕಮ್ಮಿಯಿಲ್ಲ. ಹುಡುಗ ಒಂದು ಹಾಳೆಯಲ್ಲಿ ಪೆನ್ಸಿಲಿನಿಂದ ಗಾತ್ರ ಬರೆದು ಟಿಕ್ ಹಾಕಿಟ್ಟಿದ್ದ. ಅಪ್‌ಡೇಟಿಗೆ ಮುಂಚೆ ಮಿಕ್ಸರಿನ ಎಲ್ಲ ಸೀನುಗಳನ್ನೂ ನೆಟ್‌ವರ್ಕ್ ಕೇಬಲ್ ಹಾಕಿ ಲ್ಯಾಪ್‌ಟಾಪಿಗೆ ಇಳಿಸಿದ್ದ. ಸ್ಪೀಕರುಗಳ ಆಂಪ್ಲಿಫೈಯರ್ ಆಫ್ ಮಾಡಿದ್ದ. ನಿಜ ಹೇಳಬೇಕೆಂದರೆ ಹತ್ತು ವರ್ಷ ಅನುಭವ ಇರುವವರೂ ಇಷ್ಟು ಶಿಸ್ತಾಗಿ ಮಾಡುವುದಿಲ್ಲ.

ಹಾಗಾದರೆ ತಪ್ಪು ಎಲ್ಲಿ?

ಗಾತ್ರ ಒಂದೇ ಇದ್ದ ಮಾತ್ರಕ್ಕೆ ಒಳಗಿರುವುದು ಒಂದೇ ಅಂತಲ್ಲ. ನೂರು ಪುಟದ ಪುಸ್ತಕದಲ್ಲಿ ಅರವತ್ತು ಪುಟ ಖಾಲಿ ಇದ್ದರೂ ದಪ್ಪ ಅಷ್ಟೇ ಇರುತ್ತದೆ ತಾನೆ? ಇದನ್ನು ಪರೀಕ್ಷಿಸಲು ‘ಹ್ಯಾಶ್’ ಅಂತ ಒಂದು ಲೆಕ್ಕ ಇದೆ. ಇಡೀ ಫೈಲನ್ನು ಓದಿ ಅದಕ್ಕೆ ಬೆರಳಚ್ಚಿನಂಥ ಒಂದು ಉದ್ದದ ಸಂಖ್ಯೆ ಕೊಡುತ್ತದೆ. ಒಂದು ಬಿಟ್ ಬದಲಾದರೂ ಬೆರಳಚ್ಚು ಪೂರ್ತಿ ಬೇರೆ. ವಿಂಡೋಸಿನಲ್ಲಿ ‘ಸರ್ಟ್‌ಯುಟಿಲ್’ ಅನ್ನುವ ಆಜ್ಞೆ ಮೊದಲಿಂದಲೇ ಇರುತ್ತದೆ, ಏನೂ ಹೊಸದಾಗಿ ಹಾಕಬೇಕಿಲ್ಲ. ಒಂದೇ ಎಚ್ಚರಿಕೆ ಏನೆಂದರೆ ಕಾಪಿ ಮಾಡಿದ ಕೂಡಲೇ ಹ್ಯಾಶ್ ನೋಡಿದರೆ ಕಂಪ್ಯೂಟರು ತನ್ನ ನೆನಪಿನಿಂದಲೇ ಓದಿ “ಎಲ್ಲ ಸರಿ” ಅಂದುಬಿಡಬಹುದು. ಪೆನ್‌ಡ್ರೈವನ್ನು ಇಜೆಕ್ಟ್ ಮಾಡಿ, ಕಿತ್ತು, ಮತ್ತೆ ಹಾಕಿ ಆಮೇಲೆ ನೋಡಬೇಕು.

ನೋಡಿದೆ. ಲ್ಯಾಪ್‌ಟಾಪಿನ ಮೂಲ ಜಿಪ್ ಫೈಲು ದೋಷವಿಲ್ಲದೆ ಬಿಚ್ಚಿಕೊಂಡಿತ್ತು. ಜಿಪ್ಪಿನ ಒಳಗೇ ಒಂದು ತಾಳೆ ಲೆಕ್ಕ ಇರುತ್ತದೆ, ಹಾಗಾಗಿ ಮೂಲ ಸರಿ ಇದೆ ಅಂತ ನಂಬಬಹುದು. ಪೆನ್‌ಡ್ರೈವಿನಲ್ಲಿ ಮೊದಲ ಚಿಕ್ಕ ಫೈಲಿನ ಬೆರಳಚ್ಚು ತಾಳೆಯಾಯಿತು. ಎರಡನೆಯ ದೊಡ್ಡ ಫೈಲಿನದ್ದು ಆಗಲಿಲ್ಲ. ಅಲ್ಲಿಗೆ ಮಿಕ್ಸರಿನ ವರ್ತನೆ ಪೂರ್ತಿ ಅರ್ಥವಾಯಿತು. ಅದು ಮೊದಲನೆಯದನ್ನು ಓದಿ, ಪರೀಕ್ಷಿಸಿ, ಬರೆದುಕೊಂಡಿದೆ. ಎರಡನೆಯದನ್ನು ಓದಿ, ಲೆಕ್ಕ ತಾಳೆಯಾಗದೆ, ಒಲ್ಲೆ ಅಂದಿದೆ. ಪಾಪ, ಅದು ಮಾಡಿದ್ದು ಸರಿಯಾದ ಕೆಲಸವೇ.

ಗೆಳೆಯನನ್ನು ಕೇಳಿದೆ, “ಈ ಪೆನ್‌ಡ್ರೈವ್ ಎಲ್ಲಿಂದ ತಗೊಂಡೆ?” ಪೇಟೆಯಲ್ಲಿ ಯಾವುದೋ ಫುಟ್‌ಪಾತಿನಲ್ಲಿ ಅಗ್ಗಕ್ಕೆ ಸಿಕ್ಕಿತ್ತಂತೆ. 32 ಜಿಬಿ ಅಂತ ಮೇಲೆ ಬರೆದಿತ್ತು. ಒಳಗೆ ಏನೇನಿದೆ ಅಂತ ನೋಡಿದರೆ ಎರಡು ವರ್ಷದಿಂದ ಅವನು ರೆಕಾರ್ಡ್ ಮಾಡಿದ ಕಚೇರಿಗಳು, ಸುಮಾರು ಹದಿನೈದು. ಎರಡೂವರೆ ಗಂಟೆಯ ಕಚೇರಿಯನ್ನು 16 ಬಿಟ್, 48 ಕಿಲೋಹರ್ಟ್ಸ್ ಸ್ಟೀರಿಯೋದಲ್ಲಿ ಹಿಡಿದರೆ ಹತ್ತಿರ ಹತ್ತಿರ 1.7 ಜಿಬಿ ಆಗುತ್ತದೆ. ಒಟ್ಟು 26 ಜಿಬಿ ತುಂಬಿತ್ತು.

ನಕಲಿ ಪೆನ್‌ಡ್ರೈವುಗಳ ಕಥೆ ನಿಮಗೆ ಗೊತ್ತಿರಬಹುದು. ಒಳಗಿನ ಚಿಪ್ಪಿನಲ್ಲಿ ನಿಜವಾಗಿ ಇರುವುದು 4 ಅಥವಾ 8 ಜಿಬಿ. ಅದನ್ನು ನಡೆಸುವ ಕಂಟ್ರೋಲರಿಗೆ ಮಾತ್ರ “ಕೇಳಿದವರಿಗೆಲ್ಲ 32 ಅನ್ನು” ಅಂತ ಸುಳ್ಳು ಕಲಿಸಿರುತ್ತಾರೆ. ಫೈಲುಗಳ ಪಟ್ಟಿ ಡ್ರೈವಿನ ಆರಂಭದಲ್ಲೇ ಇರುವುದರಿಂದ ಹೆಸರು, ಗಾತ್ರ, ದಿನಾಂಕ ಎಲ್ಲ ಸರಿಯಾಗಿಯೇ ಕಾಣುತ್ತವೆ. ನಿಜವಾದ ಜಾಗ ಮುಗಿದ ಮೇಲೆ ಬರೆದದ್ದೆಲ್ಲ ಗಾಳಿಗೆ ಹೋಗುತ್ತದೆ. ಡ್ರೈವು ಮಾತ್ರ “ಬರೆದೆ ಬರೆದೆ” ಅನ್ನುತ್ತಲೇ ಇರುತ್ತದೆ. ಚಿಕ್ಕ ಫೈಲು ಯಾವಾಗಲೋ ಅಳಿಸಿದ ಹಳೆಯ ಫೈಲಿನ ಜಾಗದಲ್ಲಿ, ಡ್ರೈವಿನ ಮುಂಭಾಗದಲ್ಲೇ ಕೂತಿರಬೇಕು. ಹಾಗಾಗಿ ಬದುಕಿಕೊಂಡಿತು. ದೊಡ್ಡದು ಇಲ್ಲದ ಜಾಗದಲ್ಲಿ ಹೋಗಿ ಕೂತಿತ್ತು.

ಇದನ್ನು ವಿವರಿಸುತ್ತಾ ಹೋದ ಹಾಗೆ ಗೆಳೆಯನ ಸಿಟ್ಟು ಇಳಿಯಿತು. ಆದರೆ ಅವನ ಮುಖ ತಿಳಿಯಾಗಲಿಲ್ಲ. ನಾನು ಹೇಳಿದ್ದರ ಇನ್ನೊಂದು ಅರ್ಥ ನನಗಿಂತ ಮೊದಲು ಅವನಿಗೆ ಹೊಳೆದಿತ್ತು. “ಹಾಗಾದ್ರೆ ಕಚೇರಿಗಳು?” ಅಂದ.

ಒಂದೊಂದೇ ಹಾಕಿ ಕೇಳಿದೆವು. ಮೊದಲ ನಾಲ್ಕು ಸರಿಯಾಗಿದ್ದವು. ಐದನೆಯದು ಪಲ್ಲವಿಯ ನಡುವೆ ಕರಕರ ಎಂದು ನಿಂತಿತು. ಆರರಿಂದ ಮುಂದೆ ಏನೂ ಇಲ್ಲ. ಹೆಸರಿದೆ, ತಾರೀಕಿದೆ, ಎರಡೂವರೆ ಗಂಟೆ ಅಂತ ಉದ್ದವೂ ಇದೆ, ದನಿಯಿಲ್ಲ. ಒಂಬತ್ತನೆಯದು ಒಬ್ಬ ಹಿರಿಯ ಮೃದಂಗ ವಿದ್ವಾಂಸರು ನುಡಿಸಿದ ಕಚೇರಿ. ಆಮೇಲೆ ಕೆಲವೇ ತಿಂಗಳಲ್ಲಿ ಅವರು ಹೋಗಿಬಿಟ್ಟರು. ಅವರ ಮನೆಯವರು ಎರಡು ಸಲ ಫೋನ್ ಮಾಡಿ ಒಂದು ಕಾಪಿ ಕೇಳಿದ್ದರಂತೆ, “ಸೀಸನ್ ಮುಗೀಲಿ, ಕೊಡ್ತೀನಿ” ಅಂದಿದ್ದನಂತೆ ಇವನು. ಲ್ಯಾಪ್‌ಟಾಪಿನಲ್ಲಿ ಇದ್ದದ್ದನ್ನು ಜಾಗ ಇಲ್ಲ ಅಂತ ಎಂದೋ ಅಳಿಸಿಯಾಗಿತ್ತು. ಬೇರೆ ಪ್ರತಿ ಎಲ್ಲೂ ಇರಲಿಲ್ಲ.

ಮಿಕ್ಸರಾದರೂ ಸರಿಯಾದೀತು, ಸಾಲವಾದರೂ ತೀರೀತು. ಇದಕ್ಕೆ ಏನೂ ಮಾಡುವ ಹಾಗಿರಲಿಲ್ಲ. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಕೂತೆವು. ಸಭಾಂಗಣದ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಉಳಿದ ಕೆಲಸ ಸುಲಭದ್ದು. ನನ್ನ ಚೀಲದಲ್ಲಿ ಒಂದು 4 ಜಿಬಿಯ ಪೆನ್‌ಡ್ರೈವ್ ಯಾವಾಗಲೂ ಇರುತ್ತದೆ, ಅಪ್‌ಡೇಟಿಗೆ ಮಾತ್ರ. ಅದನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಎರಡೇ ಎರಡು ಫೈಲು ಹಾಕಿ, ಕಿತ್ತು, ಮತ್ತೆ ಹಾಕಿ ಬೆರಳಚ್ಚು ನೋಡಿದೆ. ಎರಡೂ ತಾಳೆ. ಮಿಕ್ಸರ್ ಆಫ್ ಮಾಡಿ, ಪೆನ್‌ಡ್ರೈವ್ ಚುಚ್ಚಿ, ಕೈಪಿಡಿಯಲ್ಲಿ ಹೇಳಿದ ಗುಂಡಿ ಒತ್ತಿ ಹಿಡಿದು ಆನ್ ಮಾಡಿದೆ. (ಪ್ರತಿ ಮಿಕ್ಸರಿಗೂ ಈ ಗುಂಡಿ ಬೇರೆ. ಉದಾಹರಣೆಗೆ ಎಕ್ಸ್32ರಲ್ಲಿ ಅದು ಲಾಕ್ ಗುಂಡಿ. ಅದರಲ್ಲಿ ಪೆನ್‌ಡ್ರೈವಿನಲ್ಲಿ ಫೈಲು ಇಲ್ಲದಿದ್ದರೆ ಅಥವಾ ಕೆಟ್ಟಿದ್ದರೆ ಮಿಕ್ಸರು ಮುಂದಕ್ಕೆ ಹೋಗದೆ ನಿಲ್ಲುತ್ತದೆ. ಹೆದರಬೇಕಿಲ್ಲ, ಆಫ್ ಮಾಡಿ ಗುಂಡಿ ಒತ್ತದೆ ಆನ್ ಮಾಡಿದರೆ ಹಳೆಯ ಆವೃತ್ತಿಯಲ್ಲೇ ಏಳುತ್ತದೆ.) ಆಮೇಲೆ ಕೈ ಕಟ್ಟಿಕೊಂಡು ಕಾದೆವು. ಪರದೆಯ ಮೇಲಿನ ಗೆರೆ ಅರ್ಧದಲ್ಲಿ ಬಹಳ ಹೊತ್ತು ನಿಂತ ಹಾಗೆ ಕಾಣುತ್ತದೆ. ಆಗ ಆಫ್ ಮಾಡುವವರೇ ಹೆಚ್ಚು ಮಿಕ್ಸರುಗಳನ್ನು ಕೊಲ್ಲುವುದು. ಒಂಬತ್ತು ನಿಮಿಷಕ್ಕೆ ಮುಗಿಯಿತು. ಫೇಡರುಗಳೆಲ್ಲ ಒಮ್ಮೆ ಟಪ್ಪನೆ ಮೇಲೆ ಹೋಗಿ ಕೆಳಗೆ ಬಂದವು. ಈ ಕಸುಬಿನಲ್ಲಿ ಅದಕ್ಕಿಂತ ಇಂಪಾದ ತಾಳ ಇನ್ನೊಂದಿಲ್ಲ.

ಮಧ್ಯಾಹ್ನ ಮೂರು ದಾಟಿತ್ತು. ಅಷ್ಟರಲ್ಲಿ ಹುಡುಗ ಅನಲಾಗ್ ಮಿಕ್ಸರ್ ಹೊತ್ತು ಬಂದ. ಅವನು ಬೆಳಗ್ಗೆ ಇಳಿಸಿಟ್ಟಿದ್ದ ಸೀನುಗಳನ್ನು ಡಿಜಿಟಲ್ಲಿಗೆ ಮತ್ತೆ ಏರಿಸಿದೆವು. ಎಲ್ಲ ಚಾನೆಲ್ಲಿಗೂ ಮೈಕ್ ಹಾಕಿ ನೋಡಿದಾಗ ದನಿ ಬಂತು. ಗೆಳೆಯ ಅನಲಾಗ್ ಮಿಕ್ಸರನ್ನು ಬದಿಗೆ ಇಡಲು ಹೊರಟ. ನಾನು ಬೇಡ ಅಂದೆ. ಆಪರೇಷನ್ ಆದ ಮೂರು ಗಂಟೆಗೆ ಯಾರನ್ನೂ ಓಟಕ್ಕೆ ನಿಲ್ಲಿಸುವುದಿಲ್ಲ. ಹೊಸ ಫರ್ಮ್‌ವೇರ್ ಹಾಕಿದ ಮಿಕ್ಸರ್ ಕಡೇಪಕ್ಷ ಒಂದು ಇಡೀ ದಿನ ಗೋದಾಮಿನಲ್ಲಿ ಹಾಡು ಹಾಕಿಕೊಂಡು ಓಡಬೇಕು. ಅಷ್ಟಕ್ಕೂ ಒಂದು ಕರ್ನಾಟಕ ಸಂಗೀತ ಕಚೇರಿಗೆ ಏನು ಬೇಕು ಹೇಳಿ. ಹಾಡುವವರಿಗೆ ಒಂದು ಮೈಕು, ಪಿಟೀಲಿಗೆ ಒಂದು, ಮೃದಂಗದ ಎರಡು ಮುಖಕ್ಕೆ ಎರಡು, ಘಟಕ್ಕೆ ಒಂದು, ತಂಬೂರಿಗೆ ಒಂದು. ಆರಾಯಿತು. ಹನ್ನೆರಡು ಚಾನೆಲ್ಲಿನಲ್ಲಿ ಆರು ಉಳಿಯಿತು.

ಆರು ಗಂಟೆಗೆ ಕಚೇರಿ ಶುರುವಾಯಿತು. ಹುಡುಗನೇ ಅನಲಾಗ್ ಮಿಕ್ಸರಿನ ಮುಂದೆ ಕೂತ, ನಾನು ಪಕ್ಕದಲ್ಲಿ. ಸಾಲದ ಡಿಜಿಟಲ್ ಮಿಕ್ಸರು ಬಟ್ಟೆ ಹೊದ್ದು ಗೋಡೆ ಪಕ್ಕ ಮಲಗಿತ್ತು. ಒಬ್ಬರು ಬಂದು ಮೃದಂಗ ಜಾಸ್ತಿ ಅಂದರು, ಇನ್ನೊಬ್ಬರು ಕಮ್ಮಿ ಅಂದರು. ಯಾವ ಮಿಕ್ಸರು ಅಂತ ಯಾರೂ ಕೇಳಲಿಲ್ಲ. ಒಂಬತ್ತಕ್ಕೆ ಮಂಗಳ ಹಾಡಿದರು. ರಾತ್ರಿ 10ರ ಮೇಲೆ ಧ್ವನಿವರ್ಧಕ ಕೂಡದು ಅಂತ 2000ದ ಶಬ್ದಮಾಲಿನ್ಯ ನಿಯಮ ಇರುವುದರಿಂದ ಅದೂ ಸರಿಹೋಯಿತು.

ಸಾಮಾನು ಕಟ್ಟುವಾಗ ಗೆಳೆಯ ಹುಡುಗನ ಹತ್ತಿರ ಹೋಗಿ “ನಾಳೆ ಏಳಕ್ಕೇ ಬಾ, ಸದಾಶಿವನಗರದ ಮದುವೆ ಇದೆ” ಅಂದ. ಕ್ಷಮೆ ಗಿಮೆ ಏನೂ ಕೇಳಲಿಲ್ಲ. ನಮ್ಮಲ್ಲಿ ಗಂಡಸರು ಕ್ಷಮೆ ಕೇಳುವ ರೀತಿಯೇ ಅದು ಅಂತ ಕಾಣುತ್ತದೆ. ಹುಡುಗ “ಹ್ಞೂಂ” ಅಂದ. ಮರುವಾರ ಗೆಳೆಯ ಆ ಮೃದಂಗ ವಿದ್ವಾಂಸರ ಮನೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿ ಬಂದ. ಮಿಕ್ಸರ್ ಮೇಲೆ, ಕಂಪ್ಯೂಟರ್ ಮೇಲೆ ಹಾಕಿ ತಪ್ಪಿಸಿಕೊಳ್ಳಬಹುದಿತ್ತು. ಹಾಗೆ ಮಾಡಲಿಲ್ಲ. ಅವರು ಏನಂದರು ಅಂತ ನಾನು ಕೇಳಲೂ ಇಲ್ಲ, ಅವನು ಹೇಳಲೂ ಇಲ್ಲ.

ಅಂದ ಹಾಗೆ, ಆ ಪೆನ್‌ಡ್ರೈವನ್ನು ಆಮೇಲೆ ಎಚ್2ಟೆಸ್ಟ್‌ಡಬ್ಲ್ಯೂ ಅನ್ನುವ ಉಚಿತ ತಂತ್ರಾಂಶದಿಂದ ಪರೀಕ್ಷಿಸಿದೆ. ಅದು ಡ್ರೈವಿನ ತುಂಬ ಗೊತ್ತಿರುವ ಅಂಕಿಗಳನ್ನು ಬರೆದು ಮತ್ತೆ ಓದಿ ನೋಡುತ್ತದೆ. ನಿಜವಾಗಿ ಇದ್ದದ್ದು 8 ಜಿಬಿಯೂ ಪೂರ್ತಿ ಇಲ್ಲ.

ನಿಮ್ಮಲ್ಲಿ ಯಾರಾದರೂ ನಮ್ಮ ಕಸುಬಿನವರಿದ್ದರೆ, ದೇವಸ್ಥಾನದ್ದೋ ಶಾಲೆಯದ್ದೋ ಮಿಕ್ಸರ್ ನೋಡಿಕೊಳ್ಳುವವರಿದ್ದರೆ, ಉಪಯೋಗವಾಗಲಿ ಅಂತ ಒಂದು ಪಟ್ಟಿ:

1. ಕಾರ್ಯಕ್ರಮದ ದಿನ ಅಪ್‌ಡೇಟ್ ಬೇಡ. ಹಿಂದಿನ ದಿನವೂ ಬೇಡ. ಸೀಸನ್ ಮುಗಿದ ಮೇಲೆ ಮಾಡಿ.

2. ಟ್ಯಾಬ್ಲೆಟ್ಟಿನಲ್ಲಿ ಆಪ್‌ಗಳು ತಾವಾಗಿ ಅಪ್‌ಡೇಟ್ ಆಗುವುದನ್ನು ನಿಲ್ಲಿಸಿ. ಈ ಕಥೆ ಶುರುವಾಗಿದ್ದೇ ಅಲ್ಲಿಂದ.

3. ಹೊಸ ಆವೃತ್ತಿಯ ಜೊತೆ ಬರುವ ಟಿಪ್ಪಣಿ ಓದಿ. ನಿಮಗೆ ಬೇಕಾದ್ದು ಅದರಲ್ಲಿ ಏನೂ ಇಲ್ಲದಿದ್ದರೆ, ಇರುವುದು ಚೆನ್ನಾಗಿ ನಡೆಯುತ್ತಿದ್ದರೆ, ಸುಮ್ಮನಿರಿ.

4. ಸ್ಟೇಜ್‌ಬಾಕ್ಸನ್ನು ಮರೆಯಬೇಡಿ. ಯಮಹಾದ ಸಿಎಲ್, ಕ್ಯೂಎಲ್ ಮಿಕ್ಸರುಗಳ ಜೊತೆ ಬಳಸುವ ರಿಯೋ ಪೆಟ್ಟಿಗೆಗಳಿಗೆ ಅವುಗಳದ್ದೇ ಫರ್ಮ್‌ವೇರ್ ಇದೆ, ಒಳಗಿನ ಡಾಂಟೆ ನೆಟ್‌ವರ್ಕಿಗೆ ಮತ್ತೊಂದು. ಯಾವುದಕ್ಕೆ ಯಾವುದು ಹೊಂದುತ್ತದೆ ಅಂತ ಕಂಪನಿಯೇ ಪಟ್ಟಿ ಕೊಡುತ್ತದೆ. ಮಿಕ್ಸರೊಂದನ್ನೇ ಹೊಸದು ಮಾಡಿದರೆ ವೇದಿಕೆಯ ಪೆಟ್ಟಿಗೆ ಮೌನವ್ರತ ಹಿಡಿಯಬಹುದು.

5. ಸೀನುಗಳನ್ನು ಎರಡು ಬೇರೆ ಬೇರೆ ಕಡೆ ಇಡಿ. ಹಳೆಯ ಫರ್ಮ್‌ವೇರ್ ಫೈಲನ್ನೂ ಇಟ್ಟುಕೊಳ್ಳಿ, ಹಿಂದಕ್ಕೆ ಹೋಗಬೇಕಾದರೆ ಬೇಕಾಗುತ್ತದೆ.

6. ಅಪ್‌ಡೇಟಿಗೆ ಒಂದು ಚಿಕ್ಕ, ಪರೀಕ್ಷಿಸಿದ ಪೆನ್‌ಡ್ರೈವ್ ಬೇರೆಯೇ ಇರಲಿ. ಯುಪಿಎಸ್ ಇರಲಿ. ಆಂಪ್ಲಿಫೈಯರ್ ಆಫ್ ಇರಲಿ.

7. ಮುಗಿದ ಮೇಲೆ ದನಿ ಬರದಿದ್ದರೆ ಗಾಬರಿಯಾಗುವ ಮುಂಚೆ 48 ವೋಲ್ಟಿನ ಫ್ಯಾಂಟಮ್ ಪವರ್ ನೋಡಿ. ಅಪ್‌ಡೇಟ್ ಆದ ಮೇಲೆ ಕೆಲವೊಮ್ಮೆ ಸೆಟ್ಟಿಂಗುಗಳು ಮೊದಲಿನ ಸ್ಥಿತಿಗೆ ಹೋಗಿ ಅದು ಆಫ್ ಆಗಿರಬಹುದು, ಆಗ ಕಂಡೆನ್ಸರ್ ಮೈಕುಗಳು ಮೂಗರಾಗುತ್ತವೆ. ನೆಟ್‌ವರ್ಕ್ ವಿಳಾಸವೂ ಬದಲಾಗಿರಬಹುದು.

8. ಅಟ್ಟದ ಮೇಲಿರುವ ಅನಲಾಗ್ ಮಿಕ್ಸರನ್ನು ಗುಜರಿಗೆ ಹಾಕಬೇಡಿ.

ಒಂಬತ್ತನೆಯದು ಮಿಕ್ಸರಿಗೆ ಸಂಬಂಧಿಸಿದ್ದಲ್ಲ, ಎಲ್ಲರಿಗೂ. ನಿಮ್ಮ ಅಜ್ಜಿಯ ಹಾಡು, ಮಗುವಿನ ಮೊದಲ ಮಾತು, ಮೇಷ್ಟರ ಪಾಠ, ಏನೇ ಆಗಲಿ ಪೆನ್‌ಡ್ರೈವಿನಲ್ಲಿ ಇಟ್ಟಿದ್ದರೆ, ಇವತ್ತು ಸಂಜೆ ಒಮ್ಮೆ ತೆಗೆದು ಕೊನೆಯವರೆಗೂ ಕೇಳಿ. ಹೆಸರು ಕಾಣುತ್ತಿದೆ ಅಂತ ಸುಮ್ಮನಾಗಬೇಡಿ. ಸರಿಯಾಗಿದ್ದರೆ ಇನ್ನೊಂದು ಕಡೆ ಒಂದು ಪ್ರತಿ ಮಾಡಿ, ಕೇಳಿದವರಿಗೆ ಸೀಸನ್ ಮುಗಿಯಲಿ ಅನ್ನದೆ ಅವತ್ತೇ ಕೊಟ್ಟುಬಿಡಿ.

ಹುಡುಗ ಈಗ ಸ್ವಂತ ಅಂಗಡಿ ಇಟ್ಟಿದ್ದಾನೆ, ಶ್ರೀನಗರದ ಕಡೆ. ಮೊನ್ನೆ ಹೋಗಿದ್ದೆ. ಗೋಡೆಯ ಮೇಲೆ ದೇವರ ಪಟದ ಪಕ್ಕ ಒಂದು ಹಾಳೆ ಅಂಟಿಸಿದ್ದಾನೆ. ಪ್ರತಿ ಅಪ್‌ಡೇಟಿನ ತಾರೀಕು, ಆವೃತ್ತಿ, ಫೈಲಿನ ಗಾತ್ರ, ಎಲ್ಲ ಪೆನ್ಸಿಲಿನಲ್ಲೇ. ಪಕ್ಕದಲ್ಲಿ ಹೊಸದಾಗಿ ಒಂದು ಕಾಲಂ ಸೇರಿದೆ, ‘ಹ್ಯಾಶ್’ ಅಂತ.